ಪ್ಯಾಕರ್ಸ್ ಕ್ಯಾಂಪ್ ನೋಡುವುದು ಹೇಗೆ: 90 ಜನ 53 ಆಗುವ ಐದು ವಾರ

ಊರಲ್ಲಿ ಆಷಾಢ ಮುಗಿದು ಶ್ರಾವಣ ಕಾಲಿಡುವ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಚಿಕ್ಕ ಊರಲ್ಲಿ ಎನ್‌ಎಫ್‌ಎಲ್ ಲೀಗ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಪ್ಯಾಕರ್ಸ್ ತಂಡದ ಟ್ರೇನಿಂಗ್ ಕ್ಯಾಂಪ್ ಶುರುವಾಗುತ್ತದೆ. ಜುಲೈ ನಾಲ್ಕನೇ ವಾರದ ಆಸುಪಾಸಿನಿಂದ ಆಗಸ್ಟ್ ಕೊನೆಯವರೆಗೆ ಸುಮಾರು ಐದು ವಾರ, ನಡುವೆ ಮೂರು ಪ್ರೀಸೀಸನ್ ಪಂದ್ಯ, ಅಂದರೆ ಲೀಗ್‌ಗೆ ಮುಂಚಿನ ತಾಲೀಮು ಪಂದ್ಯ. ಷಿಕಾಗೊ, ಮಿಲ್ವಾಕಿ, ಮಿನಿಯಾಪೊಲಿಸ್ ಕಡೆ ನೆಲೆಸಿ ಈ ಆಟದ ರುಚಿ ಹತ್ತಿಸಿಕೊಂಡ ಕನ್ನಡಿಗರಿಗೂ, ಬೆಂಗಳೂರಿನಲ್ಲಿ ಕೂತು ರಾತ್ರಿ ನಿದ್ದೆಗೆಟ್ಟು ನೋಡುವವರಿಗೂ ಈ ಬರಹ. ಆಟದ ನಿಯಮಗಳನ್ನು ಇಲ್ಲಿ ಕಲಿಸಿಲ್ಲ. ಡೌನ್, ಸ್ನ್ಯಾಪ್, ಕ್ವಾರ್ಟರ್‌ಬ್ಯಾಕ್ ಅಂದರೆ ಏನೆಂದು ಗೊತ್ತಿದ್ದರೆ ಸಾಕು.

ಮೊದಲೇ ಒಂದು ಮಾತು. ಪ್ರೀಸೀಸನ್‌ನಲ್ಲಿ ಯಾರು ಗೆದ್ದರು ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. 2008ರ ಡೆಟ್ರಾಯಿಟ್ ಲಯನ್ಸ್ ಪ್ರೀಸೀಸನ್‌ನ ನಾಲ್ಕಕ್ಕೆ ನಾಲ್ಕೂ ಗೆದ್ದು, ಲೀಗ್‌ನ ಹದಿನಾರಕ್ಕೆ ಹದಿನಾರೂ ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅದನ್ನೇ ಅಚ್ಚು ಹೊಡೆದಂತೆ ಮಾಡಿತು. ಬಾಲ್ಟಿಮೋರ್ ರೇವನ್ಸ್ ಸಾಲಾಗಿ 24 ಪ್ರೀಸೀಸನ್ ಪಂದ್ಯ ಗೆದ್ದು 2023ರಲ್ಲಿ ಸೋತಿತು. ಆ ವರ್ಷಗಳಲ್ಲಿ ಅದಕ್ಕೆ ಒಂದು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಕೂಡ ದಕ್ಕಲಿಲ್ಲ. ಕ್ಯಾಂಪಿನಲ್ಲಿ ನೋಡಬೇಕಾದ್ದು ಬೇರೆಯೇ ಒಂದು ಲೆಕ್ಕ. ಬರುವಾಗ 90 ಜನ, ಉಳಿಯುವುದು 53. ಮನೆಗೆ ಹೋಗುವ ಆ 37 ಜನ ಯಾರು, ಯಾಕೆ?

ಪಟ್ಟಿ ಇಲ್ಲದೆ ಹೋಗಬೇಡಿ

ತಂಡದ ವೆಬ್‌ಸೈಟಿನಲ್ಲಿರುವ ರೋಸ್ಟರನ್ನು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ. ಫೋನಿದೆಯಲ್ಲ ಅಂದುಕೊಂಡು ಹೋದವರು ಬಿಸಿಲಲ್ಲಿ ಪರದೆ ಕಾಣದೆ ಒದ್ದಾಡುತ್ತಾರೆ. ಇನ್ನೊಂದು ತೊಡಕೂ ಇದೆ. 90 ಜನರಿಗೆ ನಂಬರ್ ಸಾಲುವುದಿಲ್ಲವಾದ್ದರಿಂದ ಆಫೆನ್ಸ್‌ನಲ್ಲೊಬ್ಬ, ಡಿಫೆನ್ಸ್‌ನಲ್ಲೊಬ್ಬ ಒಂದೇ ನಂಬರ್ ತೊಟ್ಟಿರುತ್ತಾರೆ. ನಂಬರ್ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ಇಬ್ಬರ ಹೆಸರೂ ಪಕ್ಕಪಕ್ಕ ಇರಲಿ. ಕ್ವಾರ್ಟರ್‌ಬ್ಯಾಕ್‌ಗಳು ಮುಟ್ಟಬಾರದ ಕೆಂಪು ಜೆರ್ಸಿಯಲ್ಲಿರುವುದರಿಂದ ಅವರನ್ನು ಗುರುತಿಸುವುದು ಸುಲಭ.

ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆದುಕೊಳ್ಳಿ: ಎಷ್ಟನೇ ವರ್ಷದ ಆಟಗಾರ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಎಷ್ಟನೇ ಸುತ್ತಿನಲ್ಲಿ ಬಂದವನು. ಮೊದಲ ಮೂರು ಸುತ್ತಿನ ಹೊಸಬ ಕ್ಯಾಂಪಿನಲ್ಲಿ ಎಷ್ಟೇ ಎಡವಿದರೂ ಸಾಮಾನ್ಯವಾಗಿ ಅವನನ್ನು ಬಿಡುವುದಿಲ್ಲ. ಅವನ ಮೇಲೆ ಹಾಕಿದ ಹಣ ಮತ್ತು ಮರ್ಯಾದೆ ಎರಡೂ ಅಡ್ಡ ಬರುತ್ತವೆ. ಡ್ರಾಫ್ಟ್ ಆಗದೆ ಬಂದವನು ಅದೇ ತಪ್ಪನ್ನು ಎರಡು ಸಲ ಮಾಡಿದರೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇದು ನ್ಯಾಯವಲ್ಲ, ಆದರೆ ನಡೆಯುವುದು ಹಾಗೆಯೇ.

ಪಟ್ಟಿಯ ಪಕ್ಕದಲ್ಲಿ ಈ ಲೆಕ್ಕ ಬರೆದಿಟ್ಟುಕೊಳ್ಳಿ: ಕ್ವಾರ್ಟರ್‌ಬ್ಯಾಕ್ 2, ರನ್ನಿಂಗ್ ಬ್ಯಾಕ್ 3, ರಿಸೀವರ್ 6, ಟೈಟ್ ಎಂಡ್ 4, ಆಫೆನ್ಸಿವ್ ಲೈನ್ 9, ಅಂಚಿನವರೂ ಸೇರಿ ಡಿಫೆನ್ಸಿವ್ ಲೈನ್ 10, ಲೈನ್‌ಬ್ಯಾಕರ್ 6, ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿ 10, ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್ ತಲಾ ಒಬ್ಬರು. ಒಟ್ಟು 53. ಒಂದೊಂದು ಜಾಗದಲ್ಲಿ ಒಬ್ಬ ಹೆಚ್ಚು, ಒಬ್ಬ ಕಡಿಮೆ ಆಗಬಹುದು. ಆದರೆ ಏಳನೇ ರಿಸೀವರನ್ನು ಉಳಿಸಿಕೊಳ್ಳಬೇಕು ಅಂದರೆ ಇನ್ನೆಲ್ಲಿಂದಲೋ ಒಬ್ಬನನ್ನು ಕಳೆಯಲೇಬೇಕು. ಅಭಿಮಾನಿಗಳ ಪಟ್ಟಿಗಳು ಕೆಡುವುದು ಇಲ್ಲೇ: ಇಷ್ಟವಾದವರನ್ನೆಲ್ಲ ಸೇರಿಸುತ್ತ ಹೋಗಿ 57 ಮಾಡಿಕೊಂಡಿರುತ್ತಾರೆ. ಖಾತ್ರಿಯಾಗಿ ಉಳಿಯುವವರ ಹೆಸರಿಗೆ ಮೊದಲೇ ಗೆರೆ ಎಳೆದುಬಿಟ್ಟರೆ ನಿಜವಾಗಿ ಖಾಲಿ ಇರುವ ಜಾಗ ಹತ್ತರ ಆಸುಪಾಸು ಮಾತ್ರ ಎಂದು ಕಾಣುತ್ತದೆ. ನಿಮ್ಮ ಕಣ್ಣು ಆ ಹತ್ತು ಜಾಗದ ಮೇಲಿರಲಿ.

ಮೈದಾನದ ದಾರಿ

ಅಭ್ಯಾಸ ನಡೆಯುವುದು ಲ್ಯಾಂಬೋ ಫೀಲ್ಡ್ ಸ್ಟೇಡಿಯಂ ಒಳಗಲ್ಲ, ಒನೈಡಾ ಸ್ಟ್ರೀಟ್ ದಾಟಿದರೆ ಸಿಗುವ ರೇ ನಿಚ್‌ಕಿ ಫೀಲ್ಡಿನಲ್ಲಿ. ಸಾರ್ವಜನಿಕರಿಗೆ ತೆರೆದ ದಿನಗಳಲ್ಲಿ ಪ್ರವೇಶ ಉಚಿತ. ಮಿಲ್ವಾಕಿಯಿಂದ ಐ-43 ಹಿಡಿದರೆ ಎರಡು ಗಂಟೆ, ಷಿಕಾಗೊದಿಂದ ಮೂರೂವರೆ ಗಂಟೆ, ಮಿನಿಯಾಪೊಲಿಸ್‌ನಿಂದ ನಾಲ್ಕೂವರೆ ಗಂಟೆ ಲೆಕ್ಕ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ತಂಡದ ವೇಳಾಪಟ್ಟಿ ನೋಡಿ. ಎಲ್ಲ ದಿನದ ಅಭ್ಯಾಸವೂ ಜನರಿಗೆ ತೆರೆದಿರುವುದಿಲ್ಲ, ಸಮಯವೂ ಬದಲಾಗುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಗುಡುಗು-ಮಿಂಚು. ಮಿಂಚು ಕಂಡರೆ ಅಭ್ಯಾಸವನ್ನು ಡಾನ್ ಹಟ್ಸನ್ ಸೆಂಟರ್ ಎಂಬ ಒಳಾಂಗಣಕ್ಕೆ ಸಾಗಿಸುತ್ತಾರೆ, ಅಲ್ಲಿಗೆ ಜನರನ್ನು ಬಿಡುವುದಿಲ್ಲ. ಮೂರೂವರೆ ಗಂಟೆ ಕಾರು ಓಡಿಸಿದ್ದು ಅಲ್ಲಿಗೆ ಗೋವಿಂದ. ಹಾಗಾಗಿ ಒಂದೇ ದಿನಕ್ಕೆ ಹೋಗುವ ಬದಲು ಎರಡು ಅಭ್ಯಾಸ ಸಿಗುವಂತೆ ಒಂದು ರಾತ್ರಿ ಉಳಿಯುವುದು ಲೇಸು. ಮಳೆ ಬಂದರೆ ಮಕ್ಕಳಿಗೆ ತಂಡದ ಹಾಲ್ ಆಫ್ ಫೇಮ್ ಮತ್ತು ಸ್ಟೇಡಿಯಂ ಟೂರ್ ಇದೆ. ಬಿಸಿಲಿದ್ದರೆ ಪಕ್ಕದ ಟೈಟಲ್‌ಟೌನ್ ಪಾರ್ಕಿನಲ್ಲಿ ಆಟದ ಜಾಗ ಪುಕ್ಕಟೆ.

ಟೋಪಿ, ಸನ್‌ಸ್ಕ್ರೀನ್, ಚಿಕ್ಕ ಬೈನಾಕ್ಯುಲರ್, ಪೆನ್ಸಿಲ್ ಇಟ್ಟುಕೊಳ್ಳಿ. ಬೆವರಿದ ಕೈಗೆ ಪೆನ್ನಿನ ಬರಹ ಕಲಸಿಹೋಗುತ್ತದೆ. ವಿಡಿಯೊ ಮಾಡುವ ವಿಷಯದಲ್ಲಿ ತಂಡಗಳು ಬಿಗಿಯಾಗಿರುತ್ತವೆ. ಎದುರಾಳಿಗಳು ನೋಡಿ ಕಲಿಯುತ್ತಾರೆ ಎಂಬ ಭಯ ಅವರದು. ಬಾಗಿಲ ಬಳಿಯ ಬೋರ್ಡ್ ಓದಿ, ಅದರಂತೆ ನಡೆದುಕೊಳ್ಳಿ.

ಮಕ್ಕಳಿದ್ದರೆ ಸೈಕಲ್ ತೆಗೆದುಕೊಂಡು ಹೋಗಿ. ಹಳೆಯ ಕೋಚ್ ವಿನ್ಸ್ ಲೊಂಬಾರ್ಡಿ ಕಾಲದಿಂದ ನಡೆದುಬಂದ ಪದ್ಧತಿ ಇದು: ಆಟಗಾರರು ಲ್ಯಾಂಬೋದಿಂದ ಅಭ್ಯಾಸದ ಮೈದಾನಕ್ಕೆ ಮಕ್ಕಳ ಸೈಕಲ್ ತುಳಿದುಕೊಂಡು ಹೋಗುತ್ತಾರೆ, ಮಗು ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತದೆ. ಲೈನ್‌ಮನ್ ಒಬ್ಬ 136 ಕಿಲೋ ಇರಬಹುದು ಎಂಬುದು ನೆನಪಿರಲಿ. ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿಸಿ, ಸೀಟಿನ ಬೋಲ್ಟನ್ನು ಸ್ಪ್ಯಾನರ್ ಹಾಕಿ ಬಿಗಿ ಮಾಡಿ, ತರಬೇತಿಯ ಪುಟ್ಟ ಚಕ್ರಗಳಿದ್ದರೆ ಕಳಚಿಡಿ. ಅಭ್ಯಾಸಕ್ಕೆ ಒಂದು ಗಂಟೆಗೂ ಮುಂಚೆಯೇ ಸಾಲು ಕಟ್ಟಿರುತ್ತದೆ. ಮಗುವಿಗೆ ಇಷ್ಟವಾದ ಆಟಗಾರನೇ ಸಿಗುತ್ತಾನೆ ಎಂದು ಮಾತ್ರ ಆಸೆ ಹುಟ್ಟಿಸಬೇಡಿ.

ಆಗಸ್ಟ್ ಮೊದಲ ವಾರದ ಆಜುಬಾಜಿನಲ್ಲಿ ಲ್ಯಾಂಬೋ ಒಳಗೇ ಫ್ಯಾಮಿಲಿ ನೈಟ್ ಎಂಬ ಅಭ್ಯಾಸ ನಡೆಯುತ್ತದೆ, ಕೊನೆಗೆ ಪಟಾಕಿ. ಅದಕ್ಕೆ ಟಿಕೆಟ್ ಬೇಕು, ಆದರೆ ಲೀಗ್ ಪಂದ್ಯದ ದರದ ಹತ್ತಿರಕ್ಕೂ ಸುಳಿಯುವುದಿಲ್ಲ. 81,000ಕ್ಕೂ ಹೆಚ್ಚು ಆಸನಗಳ ಲ್ಯಾಂಬೋದಲ್ಲಿ ಲೀಗ್ ಪಂದ್ಯಗಳ ಸೀಸನ್ ಟಿಕೆಟ್ 1960ರಿಂದ ಪೂರ್ತಿ ಮಾರಾಟ, ಕಾಯುವವರ ಪಟ್ಟಿಯಲ್ಲಿ ಲಕ್ಷ ದಾಟಿದ ಹೆಸರುಗಳು. ಸ್ಟೇಡಿಯಂ ಒಳಗೆ ಕೂರುವ ಆಸೆಯಿದ್ದವರಿಗೆ ಫ್ಯಾಮಿಲಿ ನೈಟ್ ಮತ್ತು ಪ್ರೀಸೀಸನ್ ಪಂದ್ಯ ಇವೆರಡೇ ಅಗ್ಗದ ಬಾಗಿಲು. ಸ್ಟೇಡಿಯಂಗೆ ಹೋಗುವಾಗ ಪಾರದರ್ಶಕ ಚೀಲ ಮಾತ್ರ: 12 x 6 x 12 ಇಂಚು ಮೀರಬಾರದು. ಕೈಚೀಲವಾದರೆ 4.5 x 6.5 ಇಂಚು. ತಿಂಡಿ ಡಬ್ಬಿ ತುಂಬಿದ ಬಟ್ಟೆಚೀಲ ಹೊತ್ತು ಹೋದವರು ಕಾರಿಗೆ ವಾಪಸ್ ನಡೆಯಬೇಕಾಗುತ್ತದೆ.

ಅಭ್ಯಾಸವನ್ನು ಓದುವುದು

ಮೊದಲ ಕೆಲವು ದಿನ ಆಟಗಾರರು ಪ್ಯಾಡ್ ಕಟ್ಟುವುದಿಲ್ಲ. ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ದೇಹ ಒಗ್ಗಲು ಆ ದಿನಗಳು ಮೀಸಲು. ಇಡೀ ಕ್ಯಾಂಪಿನಲ್ಲಿ ಪೂರ್ತಿ ಪ್ಯಾಡ್ ಕಟ್ಟಿದ ಅಭ್ಯಾಸ 16ನ್ನು ಮೀರುವಂತಿಲ್ಲ. ಪ್ಯಾಡ್ ಕಟ್ಟಿ ದಿನಕ್ಕೆರಡು ಸಲ ಇಳಿಯುವ ಹಳೆಯ ಕ್ರಮ 2011ರಲ್ಲೇ ನಿಂತುಹೋಯಿತು. ಇದರಿಂದ ನೀವು ತೆಗೆದುಕೊಳ್ಳಬೇಕಾದ ಪಾಠ: ಪ್ಯಾಡ್ ಕಟ್ಟುವವರೆಗೆ ಲೈನ್‌ಮನ್‌ಗಳ ಬಗ್ಗೆ ತೀರ್ಪು ಕೊಡಬೇಡಿ. ಎದೆಗೆ ಎದೆ ಕೊಟ್ಟು ತಳ್ಳುವುದೇ ಅವರ ಕೆಲಸ, ಅದನ್ನೇ ನಿಷೇಧಿಸಿದ ದಿನ ಅವರಲ್ಲಿ ನೋಡುವುದಾದರೂ ಏನು? ರಿಸೀವರ್ ಮತ್ತು ಕಾರ್ನರ್‌ಬ್ಯಾಕ್‌ಗಳ ಓಟ, ತಿರುವು, ಕೈ ಚಳಕ ಮಾತ್ರ ಮೊದಲ ದಿನದಿಂದಲೇ ಕಾಣುತ್ತದೆ. ಹೆಲ್ಮೆಟ್ ಮೇಲೆ ಮೆತ್ತನೆಯ ಉಬ್ಬು ಹೊದಿಕೆ ಕಂಡರೆ ಗಾಬರಿ ಬೇಡ. ಅದು ಗಾರ್ಡಿಯನ್ ಕ್ಯಾಪ್, ಪೆಟ್ಟಿನ ಜೋರು ತಗ್ಗಿಸಲು ಲೀಗ್ 2022ರಿಂದ ಕೆಲವು ಸ್ಥಾನದವರಿಗೆ ಕಡ್ಡಾಯ ಮಾಡುತ್ತ ಬಂದದ್ದು.

ತಂಡ ಇಡೀ ಒಟ್ಟಾಗಿ ಆಡುವಾಗ ಊಟದ ಪಂಕ್ತಿಯ ಲೆಕ್ಕ ಇಟ್ಟುಕೊಳ್ಳಿ. ಮೊದಲ ಪಂಕ್ತಿ ಮೊದಲ ಪಂಕ್ತಿಯ ಎದುರು, ಎರಡನೆಯದು ಎರಡನೆಯದರ ಎದುರು, ಕೊನೆಯದು ಕೊನೆಯದರ ಎದುರು ಇಳಿಯುತ್ತದೆ. ಯಾರು ಯಾವ ಪಂಕ್ತಿಯಲ್ಲಿ ಕೂತಿದ್ದಾನೆ ಅನ್ನುವುದೇ ಸುದ್ದಿ. ಮೂರನೇ ಪಂಕ್ತಿಯವನು ಮೂರು ಚೆಂಡು ಹಿಡಿದರೂ, ಅವನ ಎದುರಿದ್ದವನು ಆಗಸ್ಟ್ ಕೊನೆಗೆ ಮನೆಯಲ್ಲಿರುವವನು. ಅದೇ ಹುಡುಗ ಮರುದಿನ ಎರಡನೇ ಪಂಕ್ತಿಗೆ ಏರಿದರೆ ಕೋಚ್‌ಗಳ ಕಣ್ಣಿಗೆ ಬಿದ್ದಿದ್ದಾನೆ ಎಂದರ್ಥ. ದಿನಾಂಕ ಹಾಕಿ ಬರೆದುಕೊಳ್ಳಿ. ಒಂದು ದಿನದ ಏರಿಕೆ ಯಾರದೋ ಕಾಲು ಉಳುಕಿದ್ದರಿಂದಲೂ ಇರಬಹುದು, ಮೂರು ದಿನ ಅಲ್ಲೇ ನಿಂತರೆ ನಂಬಿ.

ಒಂದೊಂದು ಡ್ರಿಲ್‌ಗೂ ಒಂದೊಂದು ಓರೆ ಇದೆ. ರಿಸೀವರ್ ಮತ್ತು ಕಾರ್ನರ್‌ಬ್ಯಾಕ್ ಒಬ್ಬರಿಗೊಬ್ಬರು ಆಡುವ ಡ್ರಿಲ್‌ನಲ್ಲಿ ರಿಸೀವರ್‌ಗೆ ಅನುಕೂಲ: ಇಡೀ ಬಯಲು ಅವನದು, ಕ್ವಾರ್ಟರ್‌ಬ್ಯಾಕ್ ಮೇಲೆ ಏರಿ ಬರುವವರೂ ಇಲ್ಲ. ಅಲ್ಲಿ ಕಾರ್ನರ್‌ಬ್ಯಾಕ್ ಹತ್ತರಲ್ಲಿ ನಾಲ್ಕು ತಡೆದರೂ ಚೆನ್ನಾಗಿಯೇ ಆಡಿದ ಎನ್ನಬಹುದು. ಲೈನ್‌ಮನ್‌ಗಳ ಒಬ್ಬರಿಗೊಬ್ಬರ ಡ್ರಿಲ್‌ನಲ್ಲಿ ತಕ್ಕಡಿ ಆ ಕಡೆ ವಾಲುತ್ತದೆ. ತಡೆಯುವವನಿಗೆ ಪಕ್ಕದವನ ಹೆಗಲಿಲ್ಲ, ನುಗ್ಗುವವನಿಗೆ ಎರಡೂ ಕಡೆ ದಾರಿ. ಅಲ್ಲಿ ಸೋತ ಗಾರ್ಡ್‌ನನ್ನು ಅಷ್ಟಕ್ಕೇ ದಡ್ಡನೆನ್ನಬೇಡಿ. ನಮ್ಮ ಕ್ರಿಕೆಟ್‌ನಲ್ಲಿ ನೆಟ್ಸ್‌ನ ಸಿಕ್ಸರ್‌ಗೆ ಎಷ್ಟು ಬೆಲೆಯೋ ಅಷ್ಟೇ ಇದಕ್ಕೂ.

ಏಳಕ್ಕೆ ಏಳು ಆಡುವ ಡ್ರಿಲ್‌ನಲ್ಲಿ ಲೈನ್‌ಗಳೇ ಇರುವುದಿಲ್ಲ. ಸ್ನ್ಯಾಪ್ ಆದಕೂಡಲೇ ಮನಸ್ಸಿನಲ್ಲಿ ಎಣಿಸಲು ಶುರುಮಾಡಿ. ಮೂರು ಸೆಕೆಂಡ್ ದಾಟಿದ ಮೇಲೆ ಹೋದ ಚೆಂಡನ್ನು ನಿಮ್ಮ ಪುಸ್ತಕದಲ್ಲಿ ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಕೆಡವಿದ್ದು) ಎಂದೇ ಬರೆದುಕೊಳ್ಳಿ. ಹನ್ನೊಂದಕ್ಕೆ ಹನ್ನೊಂದು ಆಡುವಾಗಲೂ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವಂತಿಲ್ಲ. ಹಾಗಾಗಿ ಸ್ಯಾಕ್ ಆಗಬೇಕಿದ್ದ ಎಷ್ಟೋ ಆಟಗಳು ಉದ್ದನೆಯ ಟಚ್‌ಡೌನ್ ಆಗಿ ಮುಗಿದು ಜನ ಚಪ್ಪಾಳೆ ತಟ್ಟುತ್ತಾರೆ. ಕ್ಯಾಂಪಿನ ಮೊದಲ ವಾರ ಡಿಫೆನ್ಸ್ ಮೇಲುಗೈ ಸಾಧಿಸುವುದು ಮಾಮೂಲು. ಹನ್ನೊಂದು ಜನರ ಹೊಂದಾಣಿಕೆ ಕೂಡಿಬರಲು ಆಫೆನ್ಸ್‌ಗೆ ಹೆಚ್ಚು ಸಮಯ ಹಿಡಿಯುತ್ತದೆ. ಅದನ್ನು ನೋಡಿ ಈ ವರ್ಷ ಆಫೆನ್ಸ್ ಮುಳುಗಿತು ಎಂದು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ.

ಜನ ನೀರು ಕುಡಿಯಲು ಏಳುವ ಹೊತ್ತೇ ನಿಮ್ಮ ಹೊತ್ತು: ಸ್ಪೆಷಲ್ ಟೀಮ್ಸ್. ಕಿಕ್‌ಆಫ್, ಕಿಕ್‌ಆಫ್ ಹಿಂತಿರುಗಿಸುವುದು, ಪಂಟ್, ಪಂಟ್ ಹಿಂತಿರುಗಿಸುವುದು ಈ ನಾಲ್ಕು ಘಟಕಗಳಲ್ಲೂ ಮೊದಲ ಪಂಕ್ತಿಯಲ್ಲಿ ನಿಲ್ಲುವ ಹೊಸಬ 53ರ ಒಳಗೆ ಒಂದು ಕಾಲಿಟ್ಟ ಹಾಗೆ. ಐದನೇ ಮತ್ತು ಆರನೇ ರಿಸೀವರ್ ನಡುವಿನ ಜಗಳ ಬಗೆಹರಿಯುವುದು ಚೆಂಡು ಹಿಡಿಯುವುದರಿಂದಲ್ಲ, ಪಂಟ್ ಆದಾಗ ಅಂಚಿನಿಂದ ಮೊದಲು ಓಡಿಹೋಗಿ ಎದುರಾಳಿಯನ್ನು ಕೆಡವುವವನು ಯಾರು ಎಂಬುದರಿಂದ. ಆ ಓಟಗಾರನಿಗೆ ಗನ್ನರ್ ಅನ್ನುತ್ತಾರೆ. 2024ರಿಂದ ಕಿಕ್‌ಆಫ್ ನಿಯಮ ಬದಲಾಗಿ ಹಿಂತಿರುಗಿಸುವ ಓಟಗಳು ಹೆಚ್ಚಿದ ಮೇಲಂತೂ ಈ ಕೆಲಸದವರ ಬೆಲೆ ಏರಿದೆ. ಪಂಟರ್‌ಗೆ ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ: ಕಾಲಿನಿಂದ ಹೊರಟ ಚೆಂಡು ಕೈಗೆ ಬೀಳುವವರೆಗೆ 4.5 ಸೆಕೆಂಡ್ ಗಾಳಿಯಲ್ಲಿದ್ದರೆ ಒಳ್ಳೆಯದು, 4ಕ್ಕಿಂತ ಕಡಿಮೆಯಾದರೆ ತೊಂದರೆ.

ಗಾಯದ ಅಕ್ಷರಗಳು

ಗಾಯದ ಸುದ್ದಿಯಲ್ಲಿ ಅಭಿಮಾನಿಗಳು ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಕ್ಯಾಂಪ್ ಶುರುವಿನಲ್ಲಿ ಪಿಯುಪಿ ಪಟ್ಟಿಯಲ್ಲಿ, ಅಂದರೆ ಆಡಲು ದೇಹ ಇನ್ನೂ ಸಿದ್ಧವಿಲ್ಲದವರ ಪಟ್ಟಿಯಲ್ಲಿ, ಹೆಸರಿದ್ದರೆ ಎದೆ ಒಡೆದುಕೊಳ್ಳಬೇಡಿ. ಗುಣವಾದ ದಿನ ಅಲ್ಲಿಂದ ಹೊರಬರಬಹುದು. ಆದರೆ ಒಂದು ಸಲ ಅಭ್ಯಾಸಕ್ಕೆ ಇಳಿದನೋ, ಮತ್ತೆ ಆ ಪಟ್ಟಿಗೆ ಹಾಕುವಂತಿಲ್ಲ. ಹಾಗಾಗಿಯೇ ತಂಡಗಳು ಅವಸರ ಮಾಡುವುದಿಲ್ಲ. ತಂಡವನ್ನು 53ಕ್ಕೆ ಇಳಿಸುವ ಕಟ್ ದಿನದ ನಂತರವೂ ಆ ಪಟ್ಟಿಯಲ್ಲೇ ಉಳಿದರೆ ಲೀಗ್‌ನ ಮೊದಲ ನಾಲ್ಕು ಪಂದ್ಯ ಇಲ್ಲ.

ಗಾಯಗೊಂಡವರನ್ನು ಬದಿಗಿಡುವ ಇಂಜುರ್ಡ್ ರಿಸರ್ವ್ ಪಟ್ಟಿ, ಅಂದರೆ ಐಆರ್, ಬೇರೆ. ಕಟ್ ದಿನಕ್ಕೆ ಮುಂಚೆಯೇ ಐಆರ್‌ಗೆ ಹೋದವನು ಆ ವರ್ಷ ಆ ತಂಡಕ್ಕೆ ಆಡುವುದಿಲ್ಲ. ಕಟ್ ದಿನ ಮಾತ್ರ ಇಬ್ಬರನ್ನು ಮರಳಿ ಬರುವವರು ಎಂದು ಗುರುತಿಸಿ ಐಆರ್‌ಗೆ ಹಾಕುವ ಅವಕಾಶ 2024ರಿಂದ ಇದೆ. ಅವರೂ ನಾಲ್ಕು ಪಂದ್ಯ ಕೂರಲೇಬೇಕು. ಯಾರಿಗಾದರೂ ಪೆಟ್ಟಾದರೆ ದಿನಾಂಕದ ಜೊತೆ ಹೋಲಿಸಿ ನೋಡಿ, ಆಗ ಸುದ್ದಿಯ ತೂಕ ತಿಳಿಯುತ್ತದೆ.

ತಾರೆಗಳನ್ನು ಪ್ರೀಸೀಸನ್‌ನಲ್ಲಿ ಯಾಕೆ ಆಡಿಸುವುದಿಲ್ಲ ಎಂದು ಗೊಣಗುವವರು 2015ರ ಆಗಸ್ಟನ್ನು ನೆನೆಯಬೇಕು. ಪಿಟ್ಸ್‌ಬರ್ಗ್‌ನಲ್ಲಿ ರಿಸೀವರ್ ಜೋರ್ಡಿ ನೆಲ್ಸನ್ ಚೆಂಡು ಹಿಡಿದು ತಿರುಗುವಾಗ, ಯಾರೂ ಬಲವಾಗಿ ಹೊಡೆಯದೆಯೇ, ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರು ಹರಿದು ಇಡೀ ವರ್ಷ ಹೋಯಿತು.

ಪಂದ್ಯದ ರಾತ್ರಿ

2021ರಿಂದ ಪ್ರೀಸೀಸನ್ ಮೂರೇ ಪಂದ್ಯ. ಓಹಾಯೊದ ಕ್ಯಾಂಟನ್‌ನಲ್ಲಿ ನಡೆಯುವ ಹಾಲ್ ಆಫ್ ಫೇಮ್ ಪಂದ್ಯಕ್ಕೆ ಆಯ್ಕೆಯಾದ ಎರಡು ತಂಡಗಳಿಗೆ ಮಾತ್ರ ನಾಲ್ಕು. ಸಮ ಆದರೆ ಸಮವೇ, ಓವರ್‌ಟೈಮ್ ಇಲ್ಲ. ಮುಖ್ಯ ಆಟಗಾರರು ಒಂದೆರಡು ಸಲ ಇಳಿಯಬಹುದು, ಇಳಿಯದೆಯೂ ಇರಬಹುದು. ಟಿಕೆಟ್ ಕೊಂಡು ಮೊದಲ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಲವ್‌ನನ್ನೇ ನೋಡಬೇಕು ಎಂದುಕೊಂಡಿದ್ದರೆ ವಾರ್ಮ್ಅಪ್ ಹೊತ್ತಿಗೇ ಹೋಗಿ ಕೂರಿ.

ಟಿವಿಯಲ್ಲಿ ನೋಡುವವರು ಚೆಂಡಿನ ಹಿಂದೆ ಹೋಗದೆ ಯಾವ ಕ್ವಾರ್ಟರ್‌ನಲ್ಲಿ ಯಾರು ಇಳಿದರು ಎಂದು ಬರೆಯಿರಿ. ಐದಾರು ವರ್ಷ ಆಡಿದವನು ಕೊನೆಯ ಪ್ರೀಸೀಸನ್ ಪಂದ್ಯದ ಮೂರನೇ ಕ್ವಾರ್ಟರ್‌ನಲ್ಲಿ ಇನ್ನೂ ಮೈದಾನದಲ್ಲಿದ್ದರೆ ಅವನ ಜಾಗ ಅಲುಗಾಡುತ್ತಿದೆ. ಹಿಂದಿನ ಎರಡು ಪಂದ್ಯದಲ್ಲಿ ಮಿಂಚಿದ ಹೊಸಬ, ಗಾಯವಿಲ್ಲದಿದ್ದರೂ, ಕೊನೆಯ ಪಂದ್ಯಕ್ಕೆ ಇಳಿಯದಿದ್ದರೆ ಖುಷಿಪಡಿ: ತಂಡ ಅವನನ್ನು ಬಚ್ಚಿಡುತ್ತಿದೆ. ಮರುದಿನ ಬರುವ ಸ್ನ್ಯಾಪ್ ಎಣಿಕೆಯಲ್ಲಿ ಸ್ಪೆಷಲ್ ಟೀಮ್ಸ್ ಕಾಲಂ ತಪ್ಪದೆ ನೋಡಿ. ಯಾವ ಜಾಗಕ್ಕೆ ಯಾರು ಮೊದಲು, ಯಾರು ನಂತರ ಎಂದು ತೋರಿಸಿ ತಂಡ ಬಿಡುಗಡೆ ಮಾಡುವ ಡೆಪ್ತ್ ಚಾರ್ಟ್‌ಗೆ ಅನಧಿಕೃತ ಎಂಬ ಹಣೆಪಟ್ಟಿ ಇರುತ್ತದೆ, ಅದನ್ನು ಹಾಗೆಯೇ ತೆಗೆದುಕೊಳ್ಳಿ. ಹೊಸಬರನ್ನು ಹಿರಿಯರ ಕೆಳಗೆ ಬರೆಯುವುದು ರೂಢಿಯ ಮರ್ಯಾದೆ. ಬೇರೆ ತಂಡದ ಜೊತೆ ಜಂಟಿ ಅಭ್ಯಾಸ ಇರುವ ವಾರವಾದರೆ ಆ ಅಭ್ಯಾಸವೇ ಪಂದ್ಯಕ್ಕಿಂತ ಮುಖ್ಯ. ಮೊದಲ ಪಂಕ್ತಿಯವರು ಹೊರಗಿನವರ ಎದುರು ನಿಜವಾಗಿ ಬೆವರು ಹರಿಸುವುದು ಅಲ್ಲೇ.

ಭಾರತದಲ್ಲಿರುವವರಿಗೆ ಸಮಯದ ಲೆಕ್ಕ: ಬೇಸಿಗೆಯಲ್ಲಿ ಗ್ರೀನ್ ಬೇ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಸಂಜೆ 7ರ ಪಂದ್ಯ ಇಲ್ಲಿ ಮರುದಿನ ಬೆಳಿಗ್ಗೆ 5.30ಕ್ಕೆ, ಕಾಫಿ ಜೊತೆ ನೋಡಬಹುದು. ಅಮೆರಿಕದ ಹೊರಗೆ ಲೀಗ್‌ನ ಪಂದ್ಯ ತೋರಿಸುವ ಗೇಮ್ ಪಾಸ್ ಈಗ ಡಜೋನ್ ಮೂಲಕ ಸಿಗುತ್ತದೆ. ಅಮೆರಿಕದಲ್ಲಿ ಬೇರೆ ಊರಿನವರಿಗೆ ಪ್ರೀಸೀಸನ್ ಪಂದ್ಯ ಎನ್‌ಎಫ್‌ಎಲ್ ಪ್ಲಸ್‌ನಲ್ಲಿ ನೇರವಾಗಿ ಬರುತ್ತದೆ.

ಕಟ್ ದಿನ, ಮತ್ತು ಮರುದಿನ

ಸಾಮಾನ್ಯವಾಗಿ ಆಗಸ್ಟ್ ಕೊನೆಯ ಮಂಗಳವಾರ, ಅಮೆರಿಕದ ಪೂರ್ವ ಸಮಯ ಸಂಜೆ 4ಕ್ಕೆ ಗಡುವು. ಭಾರತದಲ್ಲಿ ಆಗ ಬುಧವಾರ ನಸುಕಿನ 1.30. 2025ರಲ್ಲಿ ಅದು ಗಣೇಶ ಚತುರ್ಥಿಯ ಬೆಳಗಿನ ಜಾವಕ್ಕೇ ಬಂದಿತ್ತು. ಪೂಜೆಗೆ ಏಳಬೇಕಾದವರು ಮಲಗಲೇ ಇಲ್ಲ ಎನ್ನಬಹುದು.

ಕಟ್ ಆದವರೆಲ್ಲ ಒಂದೇ ಅಲ್ಲ. ನಾಲ್ಕು ಸೀಸನ್ ಪೂರೈಸದವರು ವೇವರ್‌ಗೆ ಹೋಗುತ್ತಾರೆ. ಬುಧವಾರ ಮಧ್ಯಾಹ್ನ 12ರವರೆಗೆ, ನಮ್ಮ ರಾತ್ರಿ 9.30, ಉಳಿದ 31 ತಂಡಗಳು ಅವರನ್ನು ಕೇಳಬಹುದು. ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಸ್ವಂತ ತಂಡವೇ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ 53ರ ಹೊರಗಿನ ಅಭ್ಯಾಸದ ಬಳಗಕ್ಕೆ, ಕರೆದುಕೊಳ್ಳಬಹುದು. ಅಲ್ಲಿ 16 ಜಾಗ, ವಿದೇಶಿ ಆಟಗಾರನಿದ್ದರೆ ಹದಿನೇಳು. ನಾಲ್ಕು ಸೀಸನ್ ಪೂರೈಸಿದ ಹಿರಿಯರಿಗೆ ವೇವರ್ ಇಲ್ಲ, ನೇರ ಬಿಡುಗಡೆ. ಹೀಗಾಗಿ ಮಂಗಳವಾರ ಕಟ್ ಆದ ಹಿರಿಯ ಗುರುವಾರ ಅದೇ ತಂಡದಲ್ಲಿ ಕಾಣಿಸಿಕೊಂಡರೆ ಅದು ಮೊದಲೇ ಮಾಡಿಕೊಂಡ ಮಾತು. ಮಂಗಳವಾರ ರಾತ್ರಿಯ 53 ಅಂತಿಮ ಎಂದು ಫ್ರೇಮ್ ಹಾಕಿಸಬೇಡಿ.

2024ರಲ್ಲಿ ಆದದ್ದು ನೋಡಿ. ಕ್ಯಾಂಪ್ ಉದ್ದಕ್ಕೂ ಎರಡನೇ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಶಾನ್ ಕ್ಲಿಫರ್ಡ್ ಮತ್ತು ಮೈಕೆಲ್ ಪ್ರಾಟ್ ನಡುವೆ ಪೈಪೋಟಿ, ಕಿಕ್ಕರ್ ಜಾಗಕ್ಕೆ ಆ್ಯಂಡರ್ಸ್ ಕಾರ್ಲ್‌ಸನ್ ಮತ್ತು ಗ್ರೆಗ್ ಜೋಸೆಫ್ ನಡುವೆ ಪೈಪೋಟಿ. ಅಭಿಮಾನಿಗಳು ದಿನದಿನದ ಕಿಕ್ ಎಣಿಸಿದ್ದೇ ಎಣಿಸಿದ್ದು. ಕಟ್ ಹಿಂದಿನ ದಿನ ಟೆನೆಸಿ ಟೈಟನ್ಸ್ ತಂಡದಿಂದ ಏಳನೇ ಸುತ್ತಿನ ಪಿಕ್ ಕೊಟ್ಟು ಕ್ವಾರ್ಟರ್‌ಬ್ಯಾಕ್ ಮಲೀಕ್ ವಿಲ್ಲಿಸ್ ಬಂದ. ವೇವರ್‌ನಲ್ಲಿ ಅದೇ ಟೈಟನ್ಸ್ ಕೈಬಿಟ್ಟ ಕಿಕ್ಕರ್ ಬ್ರೇಡನ್ ನಾರ್ವೆಸನ್ ಬಂದ. ಪೈಪೋಟಿಯಲ್ಲಿದ್ದ ನಾಲ್ವರೂ ಹೊರಗೆ. ಬ್ರೆಜಿಲ್‌ನ ಮೊದಲ ಪಂದ್ಯದಲ್ಲೇ ಲವ್ ಮೊಣಕಾಲಿಗೆ ಪೆಟ್ಟಾಯಿತು, ಮುಂದಿನ ಎರಡು ಪಂದ್ಯ ಗೆಲ್ಲಿಸಿದವನು ವಿಲ್ಲಿಸ್. ನಾರ್ವೆಸನ್ ಮಾತ್ರ ಅಕ್ಟೋಬರ್ ದಾಟಲಿಲ್ಲ. ಆದ್ದರಿಂದ ಪೈಪೋಟಿಯ ಇಬ್ಬರೂ ಸಪ್ಪೆಯಾಗಿದ್ದಾರೆ ಅನ್ನಿಸಿದರೆ ನಿಮ್ಮ ಪಟ್ಟಿಯಲ್ಲಿ ಮೂರನೇ ಗೆರೆ ಎಳೆದು 'ಹೊರಗಿನವನು' ಎಂದು ಬರೆಯಿರಿ. ಜೊತೆಗೆ ಬೇರೆ ತಂಡಗಳಲ್ಲಿ ಯಾವ ಜಾಗದಲ್ಲಿ ಜನ ಹೆಚ್ಚಾಗಿದ್ದಾರೆ ಎಂಬುದನ್ನೂ ಕೊನೆಯ ವಾರ ನೋಡಿಡಿ.

ಜೆರ್ಸಿ ಕೊಳ್ಳುವ ಆಸೆಯಿದ್ದರೆ ಕಟ್ ಮುಗಿದು ಒಂದು ವಾರ ತಡೆಯಿರಿ. ಜೋಡಿ ನಂಬರ್‌ಗಳು ಆಗ ಒಬ್ಬೊಬ್ಬರದಾಗುತ್ತವೆ, ಕ್ಯಾಂಪಿನಲ್ಲಿ 80ರ ಮೇಲಿನ ನಂಬರ್ ತೊಟ್ಟಿದ್ದ ಹುಡುಗ ಖಾಲಿಯಾದ ಒಳ್ಳೆಯ ನಂಬರಿಗೆ ಹಾರುತ್ತಾನೆ, ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.